ಪೊಲೀಸರಿಗೆ ಮಾಧ್ಯಮ ತರಬೇತಿ: ಕೋರ್ಟ್ ಸುಮ್ಮನಿರಿ ಅನ್ನುತ್ತಿದೆಯಾ, ಮಾತಾಡಿ ಅನ್ನುತ್ತಿದೆಯಾ?

ಪೊಲೀಸರ ಬಗ್ಗೆ ಬಂದ ಎರಡು ಸುದ್ದಿಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಯಾರಿಗಾದರೂ ಗೊಂದಲವಾಗುತ್ತದೆ. ತನಿಖೆ ನಡೆಯುತ್ತಿರುವಾಗ ಪೊಲೀಸರು ಮಾಧ್ಯಮಗಳ ಮುಂದೆ ಬಾಯಿಗೆ ಬಂದದ್ದು ಹೇಳುವಂತಿಲ್ಲ, ಅದಕ್ಕೊಂದು ಸಮಗ್ರ ಕೈಪಿಡಿ ತಯಾರಿಸಿ ಎಂದು 2023ರ ಸೆಪ್ಟೆಂಬರ್ 13ರಂದು ಸುಪ್ರೀಂ ಕೋರ್ಟ್ ಕೇಂದ್ರ ಗೃಹ ಸಚಿವಾಲಯಕ್ಕೆ ಹೇಳಿತು. ಅದಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಇತ್ತ ಕರ್ನಾಟಕದಲ್ಲಿ 2025ರ ಜುಲೈನಲ್ಲಿ 'ಮನೆ ಮನೆಗೆ ಪೊಲೀಸ್' ಶುರುವಾಯಿತು. ಪೊಲೀಸರು ಠಾಣೆಯಲ್ಲೇ ಕೂರದೆ ಜನರ ಮನೆ ಬಾಗಿಲಿಗೆ ಹೋಗಿ ಮಾತಾಡಬೇಕು ಅನ್ನುವುದು ಅದರ ಆಶಯ.

ಒಂದು ಕಡೆ ಕಡಿಮೆ ಮಾತಾಡಿ, ಇನ್ನೊಂದು ಕಡೆ ಜಾಸ್ತಿ ಮಾತಾಡಿ. ಪೊಲೀಸರಿಗೆ ಮಾಧ್ಯಮ ಮತ್ತು ಜನಸಂಪರ್ಕದ ತರಬೇತಿ ಕೊಡಬೇಕು ಅನ್ನುವ ಮಾತೂ ಇದೆ. ಹಾಗಾದರೆ ಆ ತರಬೇತಿಯಾದರೂ ಯಾವುದು? ಕ್ಯಾಮೆರಾ ಮುಂದೆ ಚೆನ್ನಾಗಿ ಮಾತಾಡುವುದನ್ನು ಕಲಿಸುವುದಾ, ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಸುವುದಾ? ಈ ಎರಡೂ ಸಾಲುವುದಿಲ್ಲ. ಯಾವ ಮಾಹಿತಿ ಯಾರಿಗೆ ಸೇರಿದ್ದು, ಯಾವಾಗ ಸೇರಬೇಕು ಅನ್ನುವುದನ್ನು ಕಲಿಸಬೇಕು. ಅದೂ ಕಮಿಷನರ್ ಮಟ್ಟದಲ್ಲಿ ನಿಲ್ಲದೆ ಠಾಣೆಯ ಕಾನ್‌ಸ್ಟೆಬಲ್‌ವರೆಗೂ ಹೋಗಬೇಕು. ಯಾಕೆ ಅಂತ ನೋಡೋಣ.

ಈ ಆದೇಶದ ಬೇರು ಎಲ್ಲಿದೆ

ಕೈಪಿಡಿಯ ಮಾತು ದಿಢೀರ್ ಅಂತ ಬಂದದ್ದಲ್ಲ. 1995ರಿಂದ 1997ರ ನಡುವೆ ಮುಂಬೈ ಪೊಲೀಸರು ನಡೆಸಿದ ಸುಮಾರು 99 ಎನ್‌ಕೌಂಟರ್‌ಗಳಲ್ಲಿ ಸುಮಾರು 135 ಜನ ಸತ್ತರು. ಇದನ್ನು ಪ್ರಶ್ನಿಸಿ ನಾಗರಿಕ ಹಕ್ಕುಗಳಿಗಾಗಿ ಹೋರಾಡುವ ಪಿಯುಸಿಎಲ್ ಸಂಘಟನೆ ಕೋರ್ಟಿಗೆ ಹೋಯಿತು. 2014ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎನ್‌ಕೌಂಟರ್ ಸಾವುಗಳ ತನಿಖೆ ಹೇಗೆ ನಡೆಯಬೇಕು ಅಂತ 16 ಸೂತ್ರಗಳನ್ನು ಹಾಕಿಕೊಟ್ಟಿತು. ಅದೇ ಪ್ರಕರಣದಲ್ಲಿ ಇನ್ನೊಂದು ಪ್ರಶ್ನೆ ಹಾಗೇ ಉಳಿದಿತ್ತು. ತನಿಖೆ ಬಾಕಿ ಇರುವಾಗ ಪೊಲೀಸರು ಮಾಧ್ಯಮಕ್ಕೆ ಏನು ಹೇಳಬಹುದು? ಆ ಪ್ರಶ್ನೆ ಒಂಬತ್ತು ವರ್ಷ ಬಿಟ್ಟು 2023ರಲ್ಲಿ ಮತ್ತೆ ಮೇಲೆ ಬಂತು.

ಆದೇಶ ಕೊಟ್ಟ ಪೀಠದ ನೇತೃತ್ವ ವಹಿಸಿದ್ದವರು ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್. ಅದಕ್ಕೂ ಐದು ವರ್ಷ ಹಿಂದೆ, 2018ರಲ್ಲಿ, ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಮಹಾರಾಷ್ಟ್ರ ಪೊಲೀಸರು ಪತ್ರಿಕಾಗೋಷ್ಠಿ ಕರೆದು, ಬಂಧಿತ ಹೋರಾಟಗಾರರಿಗೆ ಸಂಬಂಧಿಸಿದ್ದು ಎನ್ನಲಾದ ಪತ್ರಗಳನ್ನು ಓದಿದ್ದರು. ಬಂಧಿತರ ಪರ ಹೂಡಿದ್ದ ಅರ್ಜಿಯ ತೀರ್ಪಿನಲ್ಲಿ ಚಂದ್ರಚೂಡ್ ಭಿನ್ನಮತ ಬರೆದರು. ತನಿಖೆ ಮಾಡುವವರೇ ಟಿವಿ ಬಳಸಿಕೊಂಡು ಜನಾಭಿಪ್ರಾಯ ರೂಪಿಸಲು ಹೊರಟರೆ ತನಿಖೆಯ ನ್ಯಾಯಬದ್ಧತೆಯೇ ಕೆಡುತ್ತದೆ ಅನ್ನುವುದು ಅವರ ನಿಲುವು. ಆಗ ಅದು ಅಲ್ಪಮತ. 2023ರಲ್ಲಿ ಅದೇ ಕಾಳಜಿ ಇಡೀ ದೇಶದ ಪೊಲೀಸರಿಗೆ ಸೂಚನೆಯಾಗಿ ಬಂತು.

ಹಳೆಯ ಸುತ್ತೋಲೆಯಲ್ಲೇ ಇದೆ ಉತ್ತರ

ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಗೃಹ ಸಚಿವಾಲಯ 2010ರ ಏಪ್ರಿಲ್ 1ರಂದೇ ಎಲ್ಲ ರಾಜ್ಯಗಳಿಗೂ ಪೊಲೀಸರ ಮಾಧ್ಯಮ ನೀತಿಯ ಬಗ್ಗೆ ಸಲಹೆ ಕಳಿಸಿತ್ತು. ಅದನ್ನು ಓದಿದರೆ, ಹೊಸದಾಗಿ ಬರೆಯಬೇಕಾದದ್ದು ಹೆಚ್ಚೇನೂ ಇಲ್ಲ ಅನ್ನಿಸುತ್ತದೆ.

ನೇಮಕವಾದ ಅಧಿಕಾರಿ ಮಾತ್ರ ಮಾತಾಡಬೇಕು. ಸಾಮಾನ್ಯವಾಗಿ ನಾಲ್ಕು ಹಂತಗಳಲ್ಲಷ್ಟೇ ಮಾಹಿತಿ ಕೊಡಬೇಕು: ಪ್ರಕರಣ ದಾಖಲಾದಾಗ, ಆರೋಪಿ ಸಿಕ್ಕಾಗ, ದೋಷಾರೋಪ ಪಟ್ಟಿ ಸಲ್ಲಿಸಿದಾಗ, ಕೊನೆಗೆ ಶಿಕ್ಷೆಯೋ ಖುಲಾಸೆಯೋ ಆದಾಗ. ಮೊದಲ 48 ಗಂಟೆಯಲ್ಲಿ ಘಟನೆ ನಡೆದಿದೆ, ತನಿಖೆ ಶುರುವಾಗಿದೆ ಅನ್ನುವಷ್ಟು ಮೂಲ ಸಂಗತಿ ಬಿಟ್ಟು ಬೇರೇನೂ ಬೇಡ. ದಿನಕ್ಕೊಂದು ಸುಳಿವು ಬಿಟ್ಟುಕೊಡುವ ಚಾಳಿ ನಿಲ್ಲಬೇಕು. ಬಂಧಿತರನ್ನು ಕ್ಯಾಮೆರಾ ಮುಂದೆ ಸಾಲಾಗಿ ನಿಲ್ಲಿಸಬಾರದು. ಜನರ ಕುತೂಹಲ ಜಾಸ್ತಿ ಇರುವ ಪ್ರಕರಣವಾದರೆ ದಿನವೂ ಒಂದು ಸಮಯ ಗೊತ್ತುಮಾಡಿ ಆ ಅಧಿಕಾರಿಯೇ ಹೇಳಿಕೆ ಕೊಡಬೇಕು.

ಹದಿನೈದು ವರ್ಷಗಳಿಗೂ ಹಳೆಯ ಮಾತುಗಳಿವು. ಆದರೂ ನಮ್ಮ ಯಾವುದೇ ಊರಿನ ಪೊಲೀಸ್ ಪತ್ರಿಕಾಗೋಷ್ಠಿಯ ಫೋಟೊ ನೋಡಿ. ಮೇಜಿನ ಮೇಲೆ ವಶಪಡಿಸಿಕೊಂಡ ಚಿನ್ನದ ಸರ, ಬಳೆ, ನೋಟಿನ ಕಂತೆ, ಮೊಬೈಲ್‌ಗಳನ್ನು ಜೋಡಿಸಿರುತ್ತಾರೆ. ಹಿಂದೆ ಠಾಣೆಯ ಹೆಸರಿರುವ ಬ್ಯಾನರ್. ಮಧ್ಯದಲ್ಲಿ ಹಿರಿಯ ಅಧಿಕಾರಿಗಳು, ಅಕ್ಕಪಕ್ಕ ತಂಡದ ಸಿಬ್ಬಂದಿ. ಎಷ್ಟೋ ಫೋಟೊಗಳಲ್ಲಿ ಕಪ್ಪು ಮುಸುಕು ಹಾಕಿ ನಿಲ್ಲಿಸಿದ ಆರೋಪಿಗಳೂ ಇರುತ್ತಾರೆ. ಮುಸುಕು ಇಲ್ಲದ ಅವರ ಮುಖ ಬೆಳಗ್ಗೆಯೇ ಯಾವುದೋ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡಿರುತ್ತದೆ.

ನಿಯಮ ಇದ್ದೂ ಹೀಗಾಗುವುದು ಯಾಕೆ? ಸಲಹೆ ಅನ್ನುವುದು ಬರೀ ಸಲಹೆ. ಪೊಲೀಸ್ ಇಲಾಖೆ ರಾಜ್ಯ ಸರ್ಕಾರದ ಕೈಯಲ್ಲಿದೆ, ಕೇಂದ್ರ ಹೇಳಿದ್ದನ್ನು ಪಾಲಿಸದಿದ್ದರೆ ಯಾರಿಗೂ ಏನೂ ಆಗುವುದಿಲ್ಲ. ಎರಡನೆಯ ಕಾರಣ ಇನ್ನೂ ದೊಡ್ಡದು. ಇಂಥ ಸುತ್ತೋಲೆ ಕಚೇರಿಯ ಕಡತದಲ್ಲಿ ಉಳಿಯುತ್ತದೆ. ಅದನ್ನು ಠಾಣೆಯ ದಿನನಿತ್ಯದ ಕೆಲಸಕ್ಕೆ ಇಳಿಸುವುದು ತರಬೇತಿ. ಕೊರತೆ ಇರುವುದೇ ಅಲ್ಲಿ.

ಒಂದು ಫೋಟೊ ಕೇಸು ಕೆಡಿಸುವುದು ಹೇಗೆ

'ಆರೋಪಿಯ ಮುಖ ತೋರಿಸಿದರೆ ತಪ್ಪೇನು, ಕಳ್ಳ ಕಳ್ಳನೇ ಅಲ್ವಾ?' ಅನ್ನುವ ಮಾತು ಆಗಾಗ ಕೇಳಿಬರುತ್ತದೆ. ಆರೋಪಿಯ ಮಾನದ ಪ್ರಶ್ನೆಯನ್ನು ಒಂದು ಗಳಿಗೆ ಬದಿಗಿಡಿ. ದೂರು ಕೊಟ್ಟವರ ಕಡೆಯಿಂದಲೇ ನೋಡೋಣ.

ಸಂಜೆ ಹೊತ್ತು ಬೈಕಿನಲ್ಲಿ ಬಂದ ಇಬ್ಬರು ಒಬ್ಬ ಮಹಿಳೆಯ ಸರ ಕಿತ್ತುಕೊಂಡು ಹೋದರು ಅಂತಿಟ್ಟುಕೊಳ್ಳಿ. ಆಕೆಗೆ ಅವರ ಪರಿಚಯವಿಲ್ಲ. ಮುಖ ಕಂಡದ್ದು ಒಂದೆರಡು ಕ್ಷಣ. ವಾರದ ನಂತರ ಇಬ್ಬರು ಸಿಕ್ಕರು. ಈಗ ಜೈಲಿನಲ್ಲಿ ಗುರುತು ಪತ್ತೆ ಕವಾಯತು ನಡೆಯಬೇಕು. ಹೋಲಿಕೆ ಇರುವ ಹಲವರ ನಡುವೆ ಆರೋಪಿಗಳನ್ನು ನಿಲ್ಲಿಸುತ್ತಾರೆ, ತಹಶೀಲ್ದಾರರಂಥ ಮ್ಯಾಜಿಸ್ಟ್ರೇಟ್ ಎದುರು ಆಕೆ ಗುರುತಿಸಬೇಕು. ಆದರೆ ಹಿಂದಿನ ದಿನವೇ ಟಿವಿಯಲ್ಲಿ 'ಸರಗಳ್ಳರು ಅಂದರ್' ಅಂತ ಇಬ್ಬರ ಮುಖ ಅರ್ಧ ಗಂಟೆ ಓಡಿದೆ. ಮುಂದೆ ಪಾಟೀಸವಾಲಿನಲ್ಲಿ ಆರೋಪಿ ಪರ ವಕೀಲರು ಕೇಳುವುದು ಒಂದೇ ಪ್ರಶ್ನೆ: 'ಅಮ್ಮಾ, ಗುರುತು ಹಿಡಿಯುವ ಮುಂಚೆ ಇವರನ್ನು ಟಿವಿಯಲ್ಲಿ ನೋಡಿದ್ರಾ?' ಆಕೆ ನಿಜ ಹೇಳಿದರೆ ಆ ಸಾಕ್ಷ್ಯದ ತೂಕ ಅಲ್ಲೇ ಇಳಿಯಿತು. ನಿಜವಾದ ಕಳ್ಳನೇ ಆಗಿದ್ದರೂ ಅವನಿಗೆ ಸಂಶಯದ ಲಾಭ ಸಿಗುತ್ತದೆ.

'ವಿಚಾರಣೆ ವೇಳೆ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ' ಎಂಬ ಹೇಳಿಕೆಯದೂ ಇದೇ ಕಥೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಹೇಳುತ್ತಿದ್ದುದೂ ಅದನ್ನೇ, 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ ಹೇಳುವುದೂ ಅದನ್ನೇ. ಹೇಳಿಕೆಯಿಂದ ವಸ್ತುವೋ ಸ್ಥಳವೋ ಪತ್ತೆಯಾದರೆ ಅಷ್ಟು ಭಾಗಕ್ಕೆ ಮಾತ್ರ ಬೆಲೆ. ಕೋರ್ಟಿನಲ್ಲಿ ನಿಲ್ಲದ ಮಾತು ಮನೆಮನೆಯ ಟಿವಿಯಲ್ಲಿ ತೀರ್ಪಾಗಿ ನಿಲ್ಲುತ್ತದೆ. ಆಮೇಲೆ ಕೋರ್ಟ್ ಬಿಡುಗಡೆ ಮಾಡಿದರೆ ಜನ ಕೋರ್ಟನ್ನೇ ಅನುಮಾನಿಸುತ್ತಾರೆ.

2008ರ ಮೇ ತಿಂಗಳಲ್ಲಿ ನೋಯ್ಡಾದಲ್ಲಿ ಬಾಲಕಿಯೊಬ್ಬಳ ಕೊಲೆಯಾದಾಗ ಹಿರಿಯ ಪೊಲೀಸ್ ಅಧಿಕಾರಿ ಪತ್ರಿಕಾಗೋಷ್ಠಿ ನಡೆಸಿ, ತಂದೆಯೇ ಕೊಂದದ್ದು ಅಂತ ಕಾರಣ ಸಮೇತ ವಿವರಿಸಿಬಿಟ್ಟರು. ತನಿಖೆ ಆಗಿನ್ನೂ ಆರಂಭದ ಹಂತದಲ್ಲಿತ್ತು. 2017ರ ಅಕ್ಟೋಬರ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ತಂದೆ ತಾಯಿ ಇಬ್ಬರನ್ನೂ ಖುಲಾಸೆ ಮಾಡಿತು. ಅಷ್ಟರಲ್ಲಿ ಒಂಬತ್ತು ವರ್ಷ ದೇಶಕ್ಕೆ ದೇಶವೇ ಆ ಮನೆಯ ಬಗ್ಗೆ ಕಥೆ ಕಟ್ಟಿತ್ತು.

ಸಂತ್ರಸ್ತರ ಪಾಡು ಇನ್ನೂ ಕಷ್ಟ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಹಿರಂಗ ಮಾಡುವುದು ಅಪರಾಧ. ಪೋಕ್ಸೊ ಕಾಯ್ದೆಯಲ್ಲಿ ಮಕ್ಕಳಿಗೂ ಇದೇ ರಕ್ಷಣೆ ಇದೆ. ಗುರುತು ಅಂದರೆ ಹೆಸರೊಂದೇ ಅಲ್ಲ, ಶಾಲೆ, ಬೀದಿ, ತಂದೆಯ ಕೆಲಸ, ಎಲ್ಲವೂ ಸೇರುತ್ತದೆ. 'ಇಂಥ ಹಳ್ಳಿಯ ಅಂಗನವಾಡಿ ಕಾರ್ಯಕರ್ತೆಯ ಮಗಳು' ಅಂತ ಪ್ರಕಟಣೆಯಲ್ಲಿ ಬರೆದರೆ ಹೆಸರು ಬಿಟ್ಟು ಪ್ರಯೋಜನವೇನು? ಹೈದರಾಬಾದ್‌ನಲ್ಲಿ 2019ರ ನವೆಂಬರ್‌ನಲ್ಲಿ ಪಶುವೈದ್ಯೆಯ ಮೇಲೆ ಅತ್ಯಾಚಾರ, ಕೊಲೆ ನಡೆದಾಗ ಆಕೆಯ ಹೆಸರು, ಫೋಟೊ ಎಲ್ಲೆಡೆ ಹರಿದಾಡಿದ ಮೇಲೆ 'ದಿಶಾ' ಅಂತ ಕರೆಯಿರಿ ಎಂದು ಪೊಲೀಸರು ಕೋರಿದರು. ಅಷ್ಟರಲ್ಲಿ ತಡವಾಗಿತ್ತು.

ಸುಮ್ಮನಿದ್ದರೆ ಸಾಕಾ?

ಇಷ್ಟೆಲ್ಲ ಕೇಳಿದ ಮೇಲೆ ಪೊಲೀಸರು ಬಾಯಿ ಬಿಡದಿರುವುದೇ ವಾಸಿ ಅನ್ನಿಸಬಹುದು. ಅದರ ಪರಿಣಾಮವನ್ನೂ ಕರ್ನಾಟಕ ಕಂಡಿದೆ.

2012ರ ಆಗಸ್ಟ್‌ನಲ್ಲಿ, ಈಶಾನ್ಯ ರಾಜ್ಯದವರ ಮೇಲೆ ದಾಳಿಯಾಗುತ್ತದೆ ಅನ್ನುವ ಎಸ್‌ಎಂಎಸ್‌ಗಳು ಬೆಂಗಳೂರಿನಲ್ಲಿ ಹಬ್ಬಿದವು. ಎರಡು ಮೂರು ದಿನದಲ್ಲಿ ಸಾವಿರಾರು ಜನ ಕೆಲಸ, ಓದು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಮಂತ್ರಿಗಳು, ಅಧಿಕಾರಿಗಳು ನಿಲ್ದಾಣಕ್ಕೇ ಹೋಗಿ 'ಹೋಗಬೇಡಿ, ನಾವಿದ್ದೇವೆ' ಅಂತ ಕೇಳಿಕೊಂಡರು. ಕೇಂದ್ರ ಸರ್ಕಾರ ಒಂದೇ ಬಾರಿಗೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸುವುದನ್ನು ಹದಿನೈದು ದಿನ ನಿಷೇಧಿಸಿತು. ಭಯಪಡಬೇಡಿ ಅಂತ ಪೊಲೀಸರು ಹೇಳಿದ್ದು ನಿಜವೇ ಆಗಿತ್ತು. ಆದರೆ ನಗರದಲ್ಲಿ ದುಡಿಯುತ್ತಿದ್ದ ಆ ಹುಡುಗ ಹುಡುಗಿಯರಿಗೆ ಅದಕ್ಕೂ ಮುಂಚೆ ಒಬ್ಬ ಪೊಲೀಸರ ಮುಖ ಪರಿಚಯವಿತ್ತಾ? ನಂಬಿಕೆಯನ್ನು ಗಲಾಟೆಯ ದಿನ ಹುಟ್ಟಿಸಲು ಆಗುವುದಿಲ್ಲ.

2018 ಇನ್ನೂ ಕೆಟ್ಟ ವರ್ಷ. ಮಕ್ಕಳ ಕಳ್ಳರ ವದಂತಿಗೆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕ ಬಲಿಯಾದ. ಜುಲೈನಲ್ಲಿ ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಹೈದರಾಬಾದ್‌ನ ಎಂಜಿನಿಯರ್ ಒಬ್ಬರನ್ನು ಜನ ಹೊಡೆದು ಕೊಂದರು. ಹತ್ತಿರದ ಹಳ್ಳಿಯಲ್ಲಿ ಮಕ್ಕಳಿಗೆ ಚಾಕೊಲೆಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣ. ಅವರ ಕಾರು ಅಲ್ಲಿಂದ ಹೊರಡುವಷ್ಟರಲ್ಲಿ ವಾಟ್ಸ್‌ಆ್ಯಪ್ ಸಂದೇಶ ಮುಂದಿನ ಊರು ಮುಟ್ಟಿತ್ತು, ದಾರಿಗೆ ಅಡ್ಡ ಹಾಕಲಾಗಿತ್ತು. ಇಂಥ ಹೊತ್ತಲ್ಲಿ ಬೆಂಗಳೂರಿನ ಪ್ರಧಾನ ಕಚೇರಿಯ ಟ್ವೀಟ್ ಯಾವ ಕೆಲಸಕ್ಕೂ ಬರುವುದಿಲ್ಲ. ಊರಿನ ನಾಲ್ಕು ಜನರ ನಂಬರ್ ಇಟ್ಟುಕೊಂಡಿರುವ, 'ತಡೀರಿ, ನಾನು ಬರ್ತಿದ್ದೀನಿ' ಅಂದರೆ ಜನ ಕೇಳುವಂಥ ಬೀಟ್ ಪೊಲೀಸ್ ಬೇಕು.

ಜೂನ್ 4ರ ಪಾಠ

2025ರ ಜೂನ್ 4ರ ಚಿನ್ನಸ್ವಾಮಿ ಕ್ರೀಡಾಂಗಣದ ಕಾಲ್ತುಳಿತ ಮಾಹಿತಿಯ ದೃಷ್ಟಿಯಿಂದ ನಿಧಾನವಾಗಿ ನೋಡಬೇಕಾದ ಘಟನೆ. ಹಿಂದಿನ ರಾತ್ರಿ ಅಹಮದಾಬಾದ್‌ನಲ್ಲಿ ಆರ್‌ಸಿಬಿ ಕಪ್ ಗೆದ್ದಿತ್ತು. ಸರ್ಕಾರ ಹೈಕೋರ್ಟಿಗೆ ಕೊಟ್ಟ ವರದಿಯ ಪ್ರಕಾರ ಬೆಳಗ್ಗೆ 7.01ಕ್ಕೆ ತಂಡದ ಖಾತೆಯಲ್ಲಿ ವಿಜಯೋತ್ಸವದ ಮೊದಲ ಪೋಸ್ಟ್ ಬಂತು. ಆಮೇಲೆ ಇನ್ನೆರಡು. 11.56ಕ್ಕೆ ಬೆಂಗಳೂರು ಸಂಚಾರ ಪೊಲೀಸರು ಮೆರವಣಿಗೆ ಇಲ್ಲ ಅಂತ ತಿಳಿಸಿದರು. ಮಧ್ಯಾಹ್ನ 3.14ಕ್ಕೆ ತಂಡದ ಖಾತೆ ಮತ್ತೆ ಸಂಜೆ 5ಕ್ಕೆ ಮೆರವಣಿಗೆ ಅಂದಿತು, ಕ್ರೀಡಾಂಗಣಕ್ಕೆ ಉಚಿತ ಪಾಸ್ ಇದೆ, ಆದರೆ ಸೀಮಿತ ಅಂತಲೂ ಹೇಳಿತು. ಅಷ್ಟು ಹೊತ್ತಿಗೆ ಕಬ್ಬನ್ ಪಾರ್ಕ್ ಸುತ್ತ ಜನಸಾಗರ. ಆ ಸಂಜೆ 11 ಜನ ಸತ್ತರು.

ಸಾವಿಗೆ ಕಾರಣ ಹಲವು. ಅನುಮತಿ, ಗೇಟು, ಬಂದೋಬಸ್ತು, ಸಿದ್ಧತೆಗೆ ಸಮಯವೇ ಇಲ್ಲದ್ದು, ಎಲ್ಲವೂ ಕೋರ್ಟ್ ಮತ್ತು ಆಯೋಗದ ಮುಂದೆ ಬಂದವು. ಇಲ್ಲಿ ಗಮನಿಸಬೇಕಾದದ್ದು ಒಂದು ಎಳೆ. ಒಂದೇ ದಿನ, ಒಂದೇ ಕಾರ್ಯಕ್ರಮದ ಬಗ್ಗೆ ಎರಡು ಬಾಯಿಂದ ಎರಡು ಮಾತು ಬಂದವು. ಸಂಭ್ರಮದ ಮಾತಿಗೆ ಲಕ್ಷಾಂತರ ಜನ ಕಿವಿಗೊಟ್ಟರು, ಎಚ್ಚರಿಕೆಯ ಮಾತು ಅಷ್ಟು ದೂರ ಹೋಗಲಿಲ್ಲ. ಹೀಗಾದಾಗ ಒಂದು ಪೋಸ್ಟ್ ಹಾಕಿದರೆ ಕೆಲಸ ಮುಗಿಯುವುದಿಲ್ಲ. ಆಯೋಜಕರಿಂದಲೇ ತಿದ್ದುಪಡಿ ಹಾಕಿಸಬೇಕು. ಮೆಟ್ರೊ ನಿಲ್ದಾಣಗಳಲ್ಲಿ, ಎಫ್‌ಎಂ ರೇಡಿಯೊದಲ್ಲಿ, ಟಿವಿ ಸ್ಕ್ರೋಲ್‌ನಲ್ಲಿ 'ಜಾಗ ತುಂಬಿದೆ, ಬರಬೇಡಿ' ಅಂತ ಗಂಟೆಗಂಟೆಗೂ ಹೇಳಬೇಕು. ಇದು ಕೂಡ ಮಾಧ್ಯಮ ಸಂಬಂಧವೇ. ತರಬೇತಿಯಲ್ಲಿ ಅಪರಾಧ ಪ್ರಕರಣದ ಬ್ರೀಫಿಂಗ್ ಜತೆಗೆ ಇದೂ ಸೇರದಿದ್ದರೆ ಅದು ಅರ್ಧ ತರಬೇತಿ.

ಈಗ ಮೊದಲಿನ ಗೊಂದಲ ತಿಳಿಯಾಗುತ್ತದೆ. ಕೋರ್ಟ್ ಕಡಿಮೆ ಮಾಡಿ ಅನ್ನುತ್ತಿರುವುದು ಯಾರು ಅಪರಾಧಿ ಅನ್ನುವ ಮಾತನ್ನು. ಜನರ ಜೀವಕ್ಕೆ, ಸುರಕ್ಷತೆಗೆ ಬೇಕಾದ ಮಾಹಿತಿಯನ್ನು ತಡೆಹಿಡಿಯಿರಿ ಅಂತ ಯಾರೂ ಹೇಳಿಲ್ಲ.

ಯಾರ ವಾದ ಏನು

ಅಧಿಕಾರಿಗಳ ಕಡೆ ಒಂದು ನ್ಯಾಯವಾದ ಕಷ್ಟವಿದೆ. ತನಿಖೆ, ಬಂದೋಬಸ್ತು, ಕೋರ್ಟ್ ಹಾಜರಿ, ವಿಐಪಿ ಭೇಟಿ, ಎಲ್ಲ ಒಬ್ಬರ ತಲೆ ಮೇಲೆ. ಅದರ ನಡುವೆ ಹತ್ತು ಮೈಕ್ ಮುಖಕ್ಕೆ ಬಂದರೆ ಏನು ಹೇಳುವುದು? ಏನೂ ಹೇಳದಿದ್ದರೆ 'ಪ್ರಕರಣ ಮುಚ್ಚಿಹಾಕಲು ಯತ್ನ' ಅಂತ ಸುದ್ದಿ. ಹೇಳಿದರೆ ನಾಳೆ ಕೋರ್ಟಿನಲ್ಲಿ ಛೀಮಾರಿ. ಮೇಲಿನವರ, ರಾಜಕಾರಣಿಗಳ ಒತ್ತಡವೂ ಇರುತ್ತದೆ. ಪ್ರಕರಣ ಬೇಗ ಬಿಡಿಸಿದೆವು ಅಂತ ತೋರಿಸಿಕೊಳ್ಳುವ ಆತುರಕ್ಕೆ ಇದೇ ಮೂಲ.

ಪತ್ರಕರ್ತರ ಆತಂಕವೂ ಸುಳ್ಳಲ್ಲ. 'ನೇಮಿಸಿದ ಅಧಿಕಾರಿಯೊಬ್ಬರೇ ಮಾತಾಡಬೇಕು' ಅನ್ನುವ ನಿಯಮ ಸುಲಭವಾಗಿ ಬಾಯಿಗೆ ಬೀಗವಾಗಬಲ್ಲದು. ಲಾಕಪ್ ಸಾವು, ಎಫ್‌ಐಆರ್ ಹಾಕಲು ನಿರಾಕರಣೆ, ಪ್ರಭಾವಿಗಳ ಮೇಲಿನ ದೂರು, ಇವೆಲ್ಲ ಹೊರಗೆ ಬರುವುದು ಅಧಿಕೃತ ಪ್ರಕಟಣೆಯಿಂದಲ್ಲ. ಒಳಗಿನ ಯಾರೋ ಧೈರ್ಯ ಮಾಡಿ ಹೇಳುವುದರಿಂದ. ಕೈಪಿಡಿಯ ಹೆಸರಲ್ಲಿ ಆ ದಾರಿಯೂ ಮುಚ್ಚಿದರೆ ನಷ್ಟ ಜನರಿಗೇ. ಈ ಮಾತಿಗೆ ತೂಕವಿದೆ, ಕೈಪಿಡಿ ಬರೆಯುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಎನ್‌ಕೌಂಟರ್‌ಗಳಲ್ಲಿ ಈ ಆತಂಕ ಇನ್ನಷ್ಟು ನಿಜ. ಅಲ್ಲಿ ಮಾತಾಡುವ ಪೊಲೀಸರೇ ಪ್ರಕರಣದ ಒಂದು ಪಕ್ಷ. ಹೈದರಾಬಾದ್ ಪ್ರಕರಣದ ನಾಲ್ವರು ಆರೋಪಿಗಳು 2019ರ ಡಿಸೆಂಬರ್ 6ರಂದು ಗುಂಡಿಗೆ ಬಲಿಯಾದಾಗ, ಅವರೇ ಆಯುಧ ಕಸಿದುಕೊಂಡರು ಅಂತ ಅದೇ ದಿನ ಪತ್ರಿಕಾಗೋಷ್ಠಿಯಲ್ಲಿ ಹೇಳಲಾಯಿತು. ಜನ ಪೊಲೀಸರ ಮೇಲೆ ಹೂ ಸುರಿದರು. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗ ಆ ಕಥೆಯನ್ನು ನಂಬಲಿಲ್ಲ. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ ಅಂತ ಹೇಳಿ, 10 ಪೊಲೀಸರ ವಿಚಾರಣೆಗೆ ಶಿಫಾರಸು ಮಾಡಿತು. ಆ ವರದಿ ಜನರ ಕೈಗೆ ಬಂದದ್ದು 2022ರ ಮೇನಲ್ಲಿ.

ಸೋರಿಕೆ ಆಗುವುದು ಕೆಳಗೆ

ನಟ ದರ್ಶನ್ ಆರೋಪಿಯಾಗಿರುವ ಕೊಲೆ ಪ್ರಕರಣ ನೆನಪಿಸಿಕೊಳ್ಳಿ. 2024ರ ಜೂನ್‌ನಲ್ಲಿ ಅನ್ನಪೂರ್ಣೇಶ್ವರಿ ನಗರ ಠಾಣೆಯ ಸುತ್ತ ಶಾಮಿಯಾನ ಕಟ್ಟಿ ನಿಷೇಧಾಜ್ಞೆ ಹಾಕಿದ್ದರು. ಹೊರಗಿನಿಂದ ಏನೂ ಕಾಣದಂತೆ ಮಾಡಿದರೂ ಒಳಗಿನ ವಿಚಾರಣೆಯ ವಿವರಗಳು ಅಂತ ದಿನವೂ 'ಮೂಲಗಳ ಪ್ರಕಾರ' ಸುದ್ದಿ ಬರುತ್ತಲೇ ಇತ್ತು. ಸೆಪ್ಟೆಂಬರ್‌ನಲ್ಲಿ 3,991 ಪುಟಗಳ ದೋಷಾರೋಪ ಪಟ್ಟಿ ಸಲ್ಲಿಕೆಯಾದ ಮೇಲೆ ಅದರೊಳಗಿನ ಫೋಟೊ, ವಿವರಗಳು ಟಿವಿಯಲ್ಲಿ ಬಂದವು. ಕೊನೆಗೆ ಹೈಕೋರ್ಟ್ ಮಧ್ಯಪ್ರವೇಶಿಸಿ ಅದನ್ನು ಪ್ರಸಾರ ಮಾಡದಂತೆ ತಡೆಯಬೇಕಾಯಿತು.

ಪಾಠ ಸರಳ. ಅಧಿಕೃತ ಬಾಗಿಲು ಮುಚ್ಚಿದಷ್ಟೂ ಹಿತ್ತಲ ಬಾಗಿಲಿಗೆ ಬೆಲೆ ಏರುತ್ತದೆ. ಕ್ರೈಂ ವರದಿಗಾರರಿಗೆ ಸಂಜೆಯೊಳಗೆ ಏನಾದರೂ ಬೇಕು. ಅಧಿಕಾರಿ ಫೋನ್ ಎತ್ತದಿದ್ದರೆ ಠಾಣೆಯ ಪರಿಚಯದವರನ್ನು ಕೇಳುತ್ತಾರೆ. ಅವರು ತಮಗೆ ಗೊತ್ತಿರುವಷ್ಟು, ಕೆಲವೊಮ್ಮೆ ಗೊತ್ತಿಲ್ಲದ್ದನ್ನೂ ಹೇಳುತ್ತಾರೆ. ಸಂಜೆ 6ಕ್ಕೆ ದಿನವೂ ಒಬ್ಬರು ಬಂದು ಐದು ವಾಕ್ಯ ಖಚಿತವಾಗಿ ಹೇಳುತ್ತಾರೆ ಅಂತ ಗೊತ್ತಿದ್ದರೆ ಈ ಹುಡುಕಾಟದ ಅರ್ಧ ಒತ್ತಡ ಇಳಿಯುತ್ತದೆ. ಭಯೋತ್ಪಾದನಾ ವಿರೋಧಿ ಕಾರ್ಯಾಚರಣೆಗಳಲ್ಲಿ ಇದು ಈಗಾಗಲೇ ನಿಯಮವಾಗಿದೆ. 2008ರ ಮುಂಬೈ ದಾಳಿಯ ನೇರ ಪ್ರಸಾರ ದಾಳಿಕೋರರ ಕಡೆಯವರಿಗೇ ನೆರವಾದ ಮೇಲೆ, 2015ರಲ್ಲಿ ಕೇಬಲ್ ಟಿವಿ ನಿಯಮ ತಿದ್ದಿ, ಗೊತ್ತುಮಾಡಿದ ಅಧಿಕಾರಿಯ ಬ್ರೀಫಿಂಗ್ ಮಾತ್ರ ಪ್ರಸಾರ ಮಾಡಬೇಕು ಅಂದರು.

ಹಾಗಾಗಿ ತರಬೇತಿ ಹೈದರಾಬಾದ್‌ನ ಐಪಿಎಸ್ ಅಕಾಡೆಮಿಯಲ್ಲಿ ಮುಗಿಯಬಾರದು. ಮೈಸೂರಿನ ಕರ್ನಾಟಕ ಪೊಲೀಸ್ ಅಕಾಡೆಮಿಗೆ, ಅಲ್ಲಿಂದ ಚನ್ನಪಟ್ಟಣದಂಥ ತರಬೇತಿ ಶಾಲೆಗಳ ಕಾನ್‌ಸ್ಟೆಬಲ್ ತರಗತಿಗೆ ಇಳಿಯಬೇಕು. ಉಪನ್ಯಾಸದಿಂದ ಏನೂ ಆಗುವುದಿಲ್ಲ. ಒಂದು ಕಲ್ಪಿತ ಎಫ್‌ಐಆರ್ ಕೈಗೆ ಕೊಟ್ಟು ಆರು ಸಾಲಿನ ಪ್ರಕಟಣೆ ಬರೆಸಬೇಕು, ಅದರಲ್ಲಿ ಸಂತ್ರಸ್ತರ ಗುರುತು ಎಲ್ಲಿ ಸೋರಿದೆ ಅಂತ ಅವರಿಂದಲೇ ಹುಡುಕಿಸಬೇಕು. ಆರೋಪಿಯ ಫೋಟೊ ತೆಗೆದ ಸ್ವಂತ ಮೊಬೈಲ್ ಯಾಕೆ ಅಪಾಯ ಅಂತ ಆ ಸರಗಳ್ಳತನದಂಥ ಉದಾಹರಣೆಯಿಂದಲೇ ತಿಳಿಸಬೇಕು. 'ಗೊತ್ತಿಲ್ಲ, ತಿಳಿದ ಮೇಲೆ ಹೇಳುತ್ತೇವೆ' ಅನ್ನುವುದು ಅವಮಾನವಲ್ಲ ಅಂತ ಅಭ್ಯಾಸ ಮಾಡಿಸಬೇಕು.

ಪ್ರಚಾರವೇ ಬೇರೆ, ಸಂಪರ್ಕವೇ ಬೇರೆ

ಬೆಂಗಳೂರು ಪೊಲೀಸರ ಟ್ವಿಟರ್ ಖಾತೆ ಚುರುಕು ಮಾತಿಗೆ ದೇಶದಲ್ಲೇ ಹೆಸರು ಮಾಡಿತ್ತು. ಅದರಿಂದ ಒಳ್ಳೆಯದೇ ಆಯಿತು, ಎಷ್ಟೋ ಯುವಜನ ದೂರು ಹೇಳಲು ಧೈರ್ಯ ಮಾಡಿದರು. ಆದರೆ ಲೈಕ್ ಎಷ್ಟು ಬಂತು ಅನ್ನುವುದೇ ಅಳತೆಯಾದರೆ ದಾರಿ ತಪ್ಪುತ್ತದೆ. ಅಧಿಕಾರಿಯ ಹಿನ್ನೆಲೆ ಸಂಗೀತದ ರೀಲ್ಸ್ ನೋಡಿ ಯಾವ ಮುದುಕಿಯೂ ಕಳೆದುಹೋದ ಪಿಂಚಣಿ ಹಣದ ದೂರು ಕೊಡಲು ಠಾಣೆ ಮೆಟ್ಟಿಲು ಹತ್ತುವುದಿಲ್ಲ.

2017ರಲ್ಲಿ ರಾಜ್ಯದಲ್ಲಿ ಬಂದ ಸುಧಾರಿತ ಬೀಟ್ ವ್ಯವಸ್ಥೆ, ಶಾಲಾ ಮಕ್ಕಳನ್ನು ಠಾಣೆಗೆ ಕರೆದು ತೋರಿಸುವ 'ತೆರೆದ ಮನೆ', ಈಗಿನ 'ಮನೆ ಮನೆಗೆ ಪೊಲೀಸ್', ಇವು ನಿಜವಾದ ಸಂಪರ್ಕದ ಕೆಲಸಗಳು. ಇವುಗಳ ಅಡ್ಡಿ ಎಂದರೆ ವರ್ಗಾವಣೆ. ಬೀಟ್‌ನವರು ಓಣಿಯ ಜನರ ಹೆಸರು ಕಲಿಯುವಷ್ಟರಲ್ಲಿ ಬೇರೆಡೆ ಹೋಗಿರುತ್ತಾರೆ, ಇಲ್ಲವೇ ಬಂದೋಬಸ್ತಿಗೆ ಎಳೆದಿರುತ್ತಾರೆ. ಕೆಲವರಿಗೆ ಇನ್ನೊಂದು ಭಯವೂ ಇದೆ: ಮನೆಗೆ ಬಂದ ಪೊಲೀಸರು ಬರೆದುಕೊಂಡ ವಿವರ ಎಲ್ಲಿ ಹೋಗುತ್ತದೆ? ಇದಕ್ಕೆ ಬಾಗಿಲಲ್ಲೇ ನೇರ ಉತ್ತರ ಕೊಡಲು ಸಿಬ್ಬಂದಿಗೆ ಕಲಿಸಿರಬೇಕು.

ಮುಂದೇನಾಗಬಹುದು

ಕೈಪಿಡಿ ಬರೀ 'ಮಾತಾಡಬೇಡಿ'ಗಳ ಪಟ್ಟಿಯಾದರೆ ಸೋರಿಕೆ ಜಾಸ್ತಿಯಾಗುತ್ತದೆ, ತಪ್ಪು ಮಾಹಿತಿಯೂ ಜಾಸ್ತಿಯಾಗುತ್ತದೆ. ಅದರಲ್ಲಿ ಸಮಯ, ಜವಾಬ್ದಾರಿ, ಉಲ್ಲಂಘಿಸಿದರೆ ಇಲಾಖಾ ಕ್ರಮ ಮೂರೂ ಇದ್ದರೆ ಬದಲಾವಣೆ ನಿರೀಕ್ಷಿಸಬಹುದು. ಒಂದು ಮಾಹಿತಿ ಈಗಾಗಲೇ ಜನರ ಹಕ್ಕಾಗಿದೆ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕು ಅಂತ 2016ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅಷ್ಟನ್ನು ತಪ್ಪದೆ ಮಾಡಿದರೂ ವರದಿಗಾರರು ಯಾರನ್ನೂ ಗೋಗರೆಯಬೇಕಿಲ್ಲ.

2010ರ ಸಲಹೆಯಲ್ಲಿದ್ದ ನಾಲ್ಕನೆಯ ಹಂತವನ್ನು ಮಾತ್ರ ಯಾರೂ ಬಿಡಬಾರದು. ಪ್ರಕರಣ ಖುಲಾಸೆಯಾದಾಗಲೂ ಪೊಲೀಸರು ತಿಳಿಸಬೇಕು ಅನ್ನುತ್ತದೆ ಅದು. ಬಂಧನದ ಪ್ರಕಟಣೆಗಳು ರಾಶಿ ರಾಶಿ ಸಿಗುತ್ತವೆ, ಖುಲಾಸೆಯ ಪ್ರಕಟಣೆ ಕಾಣಸಿಗುವುದು ಅಪರೂಪ. ಬಂಧಿಸಿದಾಗ ಯಾವ ಖಾತೆಯಲ್ಲಿ, ಯಾವ ಗುಂಪಿನಲ್ಲಿ ಸುದ್ದಿ ಹಾಕಿದ್ದರೋ ಅಲ್ಲೇ 'ಈ ವ್ಯಕ್ತಿಯನ್ನು ಕೋರ್ಟ್ ಬಿಡುಗಡೆ ಮಾಡಿದೆ' ಅಂತಲೂ ಹಾಕುವುದಕ್ಕೆ ಹೊಸ ಬಜೆಟ್ ಬೇಕಿಲ್ಲ, ಹೊಸ ಹುದ್ದೆ ಬೇಕಿಲ್ಲ. ಜಿಲ್ಲಾ ಎಸ್‌ಪಿ ಕಚೇರಿಗಳು ಇದನ್ನು ನಾಳೆಯಿಂದಲೇ ಶುರುಮಾಡಬಹುದು.